ಸಾರ್ವಜನಿಕ ಸೇವೆಯಲ್ಲಿ ಕೆಲಸದ ಹೊತ್ತು ಮತ್ತು ನೌಕರರ ಅಧಿಕಾರ: ಮಂಡ್ಯ ಸೀಮೆಯ ಅನುಭವ

ಕರ್ನಾಟಕದ ಸರ್ಕಾರಿ ಕಚೇರಿಯ ದಿನ ಬೆಳಿಗ್ಗೆ 10 ಗಂಟೆಗೆ ಶುರುವಾಗಿ ಸಂಜೆ 5.30ಕ್ಕೆ ಮುಗಿಯುತ್ತದೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಈ ವೇಳಾಪಟ್ಟಿಯನ್ನು ಕೈಯಲ್ಲಿ ಹಿಡಿದು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಒಂದು ಸುತ್ತು ಬಂದರೆ, ಜನರಿಗೆ ದಿನವೂ ಬೇಕಾಗುವ ಸರ್ಕಾರದ ಕೆಲಸದಲ್ಲಿ ದೊಡ್ಡ ಪಾಲು ಈ ಗಂಟೆಗಳ ಹೊರಗೇ ನಡೆಯುತ್ತಿರುವುದು ಕಾಣುತ್ತದೆ. ವಿಶ್ವೇಶ್ವರಯ್ಯ ನಾಲೆಯ ತೂಬನ್ನು ಎಷ್ಟೋ ಸಲ ನಡುರಾತ್ರಿ ಎತ್ತಬೇಕಾಗುತ್ತದೆ. ಗ್ರಾಮ ಪಂಚಾಯಿತಿಯ ವಾಟರ್‌ಮನ್ ಕೋಳಿ ಕೂಗುವ ಹೊತ್ತಿಗೆ ವಾಲ್ವ್ ತಿರುಗಿಸಿರುತ್ತಾನೆ. ರಾತ್ರಿ ಹಳ್ಳಿಯಲ್ಲೇ ತಂಗಿದ ಬಸ್ಸು ಬೆಳಕು ಹರಿಯುವ ಮೊದಲೇ ಮಂಡ್ಯದ ಕಡೆಗೆ ಹೊರಟಿರುತ್ತದೆ. ಹೆರಿಗೆ ನೋವು ಕಾಣಿಸಿಕೊಂಡ ಮನೆಯವರು ಆಶಾ ಕಾರ್ಯಕರ್ತೆಗೆ ಫೋನ್ ಮಾಡುವಾಗ ಗಡಿಯಾರ ನೋಡುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸತೊಡಗಿದ ವಿದ್ಯುದಾಗಾರಕ್ಕಂತೂ ಹಗಲು ರಾತ್ರಿಯ ಭೇದವೇ ಇಲ್ಲ.

ಹೀಗಾಗಿ ಕೆಲಸದ ವೇಳೆ ಸಡಿಲವಾಗಿರುವುದು ಈ ಸೀಮೆಗೆ ಹೊಸತೇನೂ ಅಲ್ಲ. ಆ ಸಡಿಲಿಕೆ ಯಾರ ಕೈಯಲ್ಲಿದೆ ಎಂಬುದನ್ನು ಮಾತ್ರ ಇಲ್ಲಿ ಯಾರೂ ಗಟ್ಟಿಯಾಗಿ ಕೇಳಿಲ್ಲ. ಕೆಲಸ ಕರೆದಾಗ ಹೋಗಬೇಕಾದವನು ತನ್ನ ಹೊತ್ತನ್ನು ತಾನೇ ಹೊಂದಿಸಿಕೊಳ್ಳಬಲ್ಲನೆ? ಕಣ್ಣೆದುರು ಕಂಡ ತೊಡಕನ್ನು ಅಲ್ಲೇ ಬಿಡಿಸುವ ಅಧಿಕಾರ ಅವನಿಗಿದೆಯೆ? ಈ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಸೇವೆಯ ಗುಣ ನಿಂತಿದೆ. ಈ ಉಪನ್ಯಾಸ ಹಿಡಿದಿರುವ ಎಳೆ ಇಷ್ಟು: ಕೆಲಸವನ್ನು ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಆದಷ್ಟೂ ಕೆಲಸ ಮಾಡುವವರ ವಿವೇಕಕ್ಕೆ ಬಿಡಬೇಕು, ಅದರಿಂದ ಯಾರಿಗೆ ಎಷ್ಟು ಸಲ್ಲಬೇಕೆಂಬುದನ್ನು ಅವರ ಮರ್ಜಿಗೆ ಬಿಡಬಾರದು. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಕಡೆಯೆಲ್ಲ ನೌಕರರೂ ಸೊರಗಿದ್ದಾರೆ, ಜನರೂ ಅಲೆದಿದ್ದಾರೆ.

ಕೆಲಸದ ವೇಳೆಯನ್ನು ನೌಕರರ ಆಯ್ಕೆಗೆ ಬಿಡುವ ಆಧುನಿಕ ಪದ್ಧತಿ ಶುರುವಾದದ್ದು ಜರ್ಮನಿಯಲ್ಲಿ. ಮ್ಯೂನಿಕ್ ಬಳಿಯ ಒಟ್ಟೊಬ್ರುನ್‌ನಲ್ಲಿದ್ದ ಮೆಸರ್‌ಸ್ಮಿಟ್-ಬೋಲ್ಕೋ ವಿಮಾನ ಕಂಪನಿ 1967ರಲ್ಲಿ ಅದನ್ನು ಜಾರಿಗೆ ತಂದಿತು. ಎಲ್ಲರೂ ಒಂದೇ ಗಳಿಗೆಗೆ ಬರುವುದರಿಂದ ರಸ್ತೆ ಕಟ್ಟಿಕೊಳ್ಳುತ್ತಿತ್ತು. ಹಿಂದೆ ಮುಂದೆ ಬರಲು ಅವಕಾಶ ಕೊಟ್ಟಾಗ ರಸ್ತೆಯೂ ಬಿಡಿಸಿಕೊಂಡಿತು, ಹಾಜರಿಯ ಜಗಳವೂ ತಗ್ಗಿತು. ಆಮೇಲಿನ ಸಂಶೋಧನೆಗಳಲ್ಲಿ ಬಹಳ ಉಲ್ಲೇಖಗೊಂಡಿರುವುದು ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಪ್ರವಾಸ ಸಂಸ್ಥೆಯ ಕಾಲ್‌ಸೆಂಟರ್ ನೌಕರರ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ. ಒಂಬತ್ತು ತಿಂಗಳು ಮನೆಯಿಂದ ಕೆಲಸ ಮಾಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು. ಅದಕ್ಕಿಂತ ಮುಖ್ಯವಾದದ್ದು ನಂತರ ನಡೆಯಿತು. ಮನೆಯೋ ಕಚೇರಿಯೋ ಎಂಬುದನ್ನು ನೌಕರರೇ ಆರಿಸಿಕೊಳ್ಳಲಿ ಎಂದು ಸಂಸ್ಥೆ ಬಿಟ್ಟಾಗ ಎಷ್ಟೋ ಮಂದಿ ಕಚೇರಿಗೆ ಮರಳಿದರು, ಮನೆಯಿಂದ ಮಾಡಿದ ಕೆಲಸದ ಲಾಭ ಶೇ 22ಕ್ಕೆ ಏರಿತು. ತಮಗೆ ಒಗ್ಗುವುದು ಯಾವುದೆಂದು ಅವರಿಗೇ ಗೊತ್ತಿತ್ತು. ಇದಕ್ಕೂ ಹಿಂದೆ, 1979ರಲ್ಲಿ, ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞ ಕೆಲಸದ ಒತ್ತಡವನ್ನು ವಿವರಿಸುತ್ತ, ಮನುಷ್ಯನನ್ನು ಹಣ್ಣು ಮಾಡುವುದು ಬರೀ ಕೆಲಸದ ಭಾರವಲ್ಲ, ಭಾರ ಹೆಚ್ಚಿದ್ದು ಅದರ ಮೇಲೆ ಹಿಡಿತವಿಲ್ಲದಿರುವ ಸ್ಥಿತಿ ಎಂದಿದ್ದ.

‘ನೌಕರರ ಸಬಲೀಕರಣ’ ಎಂಬ ಮಾತು ನಮ್ಮ ಕಚೇರಿಗಳಲ್ಲಿ ತರಬೇತಿ ಶಿಬಿರ, ಪ್ರಮಾಣಪತ್ರ, ಊಟದ ವ್ಯವಸ್ಥೆಗಳ ಮಟ್ಟಕ್ಕೆ ಇಳಿದಿದೆ. ಗ್ರೆಚೆನ್ ಸ್ಪ್ರೈಟ್ಜರ್ 1995ರಲ್ಲಿ ಈ ಭಾವವನ್ನು ಅಳೆಯಲು ನಾಲ್ಕು ಸಂಗತಿಗಳನ್ನು ಗುರುತಿಸಿದರು: ಕೆಲಸಕ್ಕೆ ಅರ್ಥವಿದೆ ಎನ್ನಿಸುವುದು, ಅದನ್ನು ಮಾಡಬಲ್ಲೆನೆಂಬ ನೆಚ್ಚಿಕೆ, ಹೇಗೆ ಮಾಡಬೇಕೆಂದು ತಾನೇ ತೀರ್ಮಾನಿಸುವುದು, ಮಾಡಿದ್ದರಿಂದ ಏನಾದರೂ ಬದಲಾಗುತ್ತದೆಂಬ ಅರಿವು. ಮೊದಲ ಎರಡಕ್ಕೆ ಮಂಡ್ಯ ಸೀಮೆಯ ತಳಹಂತದ ನೌಕರರಲ್ಲಿ ಕೊರತೆಯಿಲ್ಲ. ಬರ ಇರುವುದು ಮೂರನೆಯದಕ್ಕೆ. ಮೂರನೆಯದು ಒಣಗಿದಾಗ ನಾಲ್ಕನೆಯದೂ ಒಣಗುತ್ತದೆ. ಇದನ್ನು ನೋಡಲು ನಾಲೆಗಿಂತ ಒಳ್ಳೆಯ ಜಾಗ ಬೇರೊಂದಿಲ್ಲ.

ಕೃಷ್ಣರಾಜಸಾಗರದಿಂದ ಹೊರಟು ಹುಲಿಕೆರೆ ಸುರಂಗ ದಾಟಿ ಬರುವ ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇರ್ವಿನ್ ನಾಲೆ ಎಂಬ ಹೆಸರಿತ್ತು. ಈ ನಾಲೆಯ ನೀರು ಹರಿದ ಮೇಲೆಯೇ ಮಂಡ್ಯ ಇಂದಿನ ಮಂಡ್ಯವಾದದ್ದು: 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆ ಆಯಿತು. ಕಬ್ಬು, ಭತ್ತ, ರಾಗಿಯನ್ನು ಬ್ಲಾಕ್ ಲೆಕ್ಕದಲ್ಲಿ ಸರದಿಯ ಮೇಲೆ ಬೆಳೆಸಿ ನೀರನ್ನು ಹೆಚ್ಚು ಊರುಗಳಿಗೆ ಹಂಚಬೇಕೆಂಬ ವಿಶ್ವೇಶ್ವರಯ್ಯನವರ ಯೋಜನೆ ಕಾಗದದ ಮೇಲೆ ಅಚ್ಚುಕಟ್ಟಾಗಿತ್ತು. ಆದರೆ ಇಂಜಿನಿಯರು ಎಷ್ಟೇ ಲೆಕ್ಕ ಹಾಕಿದರೂ ನೀರು ಕೊನೆಗೆ ಗದ್ದೆಗೆ ಇಳಿಯುವುದು ಒಬ್ಬ ನೀರುಗಂಟಿಯ ಕೈಯಿಂದ.

ಜಲಾಶಯದಲ್ಲಿ ನೀರು ಕಡಿಮೆಯಾದ ವರ್ಷ ‘ಕಟ್ಟು’ ಪದ್ಧತಿ ಜಾರಿಗೆ ಬರುತ್ತದೆ. ಇಷ್ಟು ದಿನ ನೀರು ಬಿಡುವುದು, ಇಷ್ಟು ದಿನ ನಿಲ್ಲಿಸುವುದು ಎಂದು ಮೇಲಿನಿಂದ ಆದೇಶವಾಗುತ್ತದೆ. ನೀರು ಬಿಟ್ಟ ದಿನಗಳಲ್ಲಿ ನೀರುಗಂಟಿಗೆ ನಿದ್ದೆಯಿಲ್ಲ. ಕೈಯಲ್ಲಿ ಟಾರ್ಚು, ಗಾಡಿಗೆ ಕಟ್ಟಿದ ಹಾರೆ. ವಿತರಣಾ ನಾಲೆಯ ಬಾಯಲ್ಲಿ ನಿಂತು ಗೇಜಿನ ಮೇಲಿನ ಅಂಕಿಗೆ ಬೆಳಕು ಬಿಟ್ಟು ನೋಡುತ್ತಾನೆ, ತೂಬಿನ ತಿರುಪನ್ನು ಎರಡು ಸುತ್ತು ಬಿಚ್ಚುತ್ತಾನೆ, ನೀರಿನ ಸದ್ದು ಬದಲಾಗುವ ತನಕ ಕಾಯುತ್ತಾನೆ. ಕಸ ಬಂದು ಅಡ್ಡ ನಿಂತಿದ್ದರೆ ಮೊಣಕಾಲುದ್ದ ನೀರಿಗೆ ಇಳಿದು ಎಳೆಯಬೇಕು. ಅಷ್ಟರಲ್ಲಿ ಕೆಳಗಿನ ಊರಿನಿಂದ ಫೋನು ಬರುತ್ತದೆ: ‘ಇನ್ನೂ ನೀರೇ ಬಂದಿಲ್ವಲ್ಲಣ್ಣ.’ ಮೇಲಿನ ಊರಿನವರು ರಾತ್ರಿ ಯಾವ ಹೊತ್ತಿಗೆ ನಾಲೆಗೆ ಮೋಟಾರು ಇಡುತ್ತಾರೆ, ಯಾವ ಏರಿ ಸೋರುತ್ತದೆ, ಯಾರ ಗದ್ದೆ ನಾಟಿಯಾಗಿದೆ, ಯಾರದು ಇನ್ನೂ ಕೆಸರಾಗಬೇಕು, ಎಲ್ಲವೂ ಅವನಿಗೆ ಗೊತ್ತು. ಯಾವ ಕಂಪ್ಯೂಟರಿನಲ್ಲೂ ಇಲ್ಲದ ಲೆಕ್ಕ ಅದು.

ಇಷ್ಟೆಲ್ಲ ಗೊತ್ತಿರುವವನಿಗೆ ಇರುವ ಅಧಿಕಾರವೆಷ್ಟು? ಮೋಟಾರು ಇಟ್ಟವನ ಮೇಲೆ ಕ್ರಮ ಕೈಗೊಳ್ಳಬೇಕಾದವರು ಇಂಜಿನಿಯರು. ಸರದಿಯಲ್ಲಿ ಒಂದು ದಿನ ಹಿಂದೆ ಮುಂದೆ ಮಾಡಬೇಕಾದರೆ ಅದಕ್ಕೂ ಮೇಲಿನವರ ಮಾತು ಬೇಕು. ಕಾಯಂ ನೀರುಗಂಟಿಗಳು ನಿವೃತ್ತರಾದ ಎಷ್ಟೋ ಕಡೆ ಗುತ್ತಿಗೆಯ ಮೇಲೆ ಬಂದವರಿದ್ದಾರೆ. ಊರಿನ ಬಲಾಢ್ಯನೊಬ್ಬ ತೂಬಿನ ಬೀಗ ಒಡೆದರೆ ಎದುರು ನಿಲ್ಲುವಷ್ಟು ಬಲ ಆ ಗುತ್ತಿಗೆಯಲ್ಲಿಲ್ಲ. ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತರು ವರ್ಷ ವರ್ಷವೂ ರಸ್ತೆಗಿಳಿಯುವುದಕ್ಕೆ ಜಲಾಶಯದ ಮಟ್ಟ ಒಂದು ಕಾರಣ, ನಾಲೆಯ ಸ್ಥಿತಿ ಇನ್ನೊಂದು ಕಾರಣ. ಮೂರನೆಯ ಕಾರಣ ತೂಬಿನ ಬಳಿ ನಿಂತವನ ಈ ನಿಸ್ಸಹಾಯಕತೆ. ಇಂಥವನ ಕೆಲಸವನ್ನು ಹಾಜರಿ ಪುಸ್ತಕದಿಂದ ಅಳೆಯುವುದು ಅನ್ಯಾಯ. ಅವನ ಕೆಲಸಕ್ಕೆ ಅಳತೆ ಒಂದೇ: ಕೊನೆಯ ಗದ್ದೆಗೆ ನೀರು ಮುಟ್ಟಿತೇ?

ಹಾಗೆಂದು ನೀರುಗಂಟಿಗೆ ಎಲ್ಲವನ್ನೂ ಬಿಟ್ಟುಕೊಡಿ ಎನ್ನುವುದೂ ಸರಿಯಲ್ಲ. ರಾತ್ರಿ ಎಷ್ಟು ಗಂಟೆಗೆ ತೂಬು ಎತ್ತಬೇಕು, ಯಾವ ಕವಲಿಗೆ ಮೊದಲು, ಎಷ್ಟು ಸುತ್ತು ಎಂಬುದು ಅವನ ವಿವೇಕ. ಒಂದು ಕವಲಿನ ಪಾಲನ್ನು ಇನ್ನೊಂದಕ್ಕೆ ಕೊಡುವುದು ಅವನ ವಿವೇಕಕ್ಕೆ ಸೇರಿದ್ದಲ್ಲ. ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಂದ ತಿದ್ದುಪಡಿ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆಯ ಹೊಣೆ ವಹಿಸುವ ದಾರಿ ತೆರೆಯಿತು. ಪಾಲನ್ನು ಸಂಘದ ಸಭೆ ಎಲ್ಲರೆದುರು ತೀರ್ಮಾನಿಸುವುದು, ಅದನ್ನು ಗದ್ದೆಗೆ ಮುಟ್ಟಿಸುವ ದಾರಿಯನ್ನು ನೀರುಗಂಟಿ ಕಂಡುಕೊಳ್ಳುವುದು. ಈ ವಿಂಗಡಣೆ ಕಾನೂನಿನ ಒಳಗೇ ಇದೆ. ಸಂಘ ಹೆಸರಿಗಷ್ಟೇ ಉಳಿದ ಊರುಗಳಲ್ಲಿ ಎರಡೂ ಹೊರೆ ಮತ್ತೆ ಆ ಒಬ್ಬನ ತಲೆಯ ಮೇಲೆ ಬಿದ್ದಿವೆ.

ಅಧಿಕಾರ ತಳಹಂತದಲ್ಲಿದ್ದ ಮಾತ್ರಕ್ಕೆ ಸೇವೆ ಚೆನ್ನಾಗಿರುತ್ತದೆಂದು ತಿಳಿಯುವವರಿಗೆ ಕಂದಾಯ ಇಲಾಖೆಯ ಚರಿತ್ರೆ ಎಚ್ಚರಿಕೆಯ ಪಾಠ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಹೋಗಿ ಗ್ರಾಮಲೆಕ್ಕಿಗರು ಬಂದರು. ರಾಜ್ಯದಲ್ಲಿ ಸುಮಾರು 9,000 ಮಂದಿ ಲೆಕ್ಕಿಗರ ಕೈಬರಹದಲ್ಲಿ ಎರಡು ಕೋಟಿಯಷ್ಟು ಪಹಣಿಗಳಿದ್ದವು. ಪುಸ್ತಕ ಅವರ ಚೀಲದಲ್ಲಿ, ಚೀಲ ಅವರ ಜೊತೆಯಲ್ಲಿ. ಅವರು ಸಿಗುವ ದಿನ ರೈತನ ಅದೃಷ್ಟ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಪೂರ್ತಿ ಸಡಿಲವಾದ ಕೆಲಸದ ವೇಳೆ, ಪೂರ್ತಿ ಸ್ಥಳೀಯವಾದ ಅಧಿಕಾರ. ಆ ಸಡಿಲಿಕೆಯ ಬೆಲೆ ತೆತ್ತವರು ರೈತರು. ಸಾಲಕ್ಕೊಂದು ಪಹಣಿ ಬೇಕೆಂದರೆ ಎಷ್ಟು ದಿನ, ಎಷ್ಟು ದುಡ್ಡು ಎಂಬುದಕ್ಕೆ ಕಟ್ಟುನಿಟ್ಟಿರಲಿಲ್ಲ.

‘ಭೂಮಿ’ ಯೋಜನೆ ಇದನ್ನು ಬದಲಿಸಿತು. ಕಂಪ್ಯೂಟರ್ ಪಹಣಿ ಕೊಡುವ ಕೇಂದ್ರಗಳು ಮೊದಮೊದಲು ತೆರೆದ ತಾಲ್ಲೂಕುಗಳಲ್ಲಿ ಮದ್ದೂರು ಒಂದು. ಆಗ ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಅವರ ಸ್ವಂತ ತಾಲ್ಲೂಕು ಅದು. 15 ರೂಪಾಯಿ ಕಟ್ಟಿದರೆ ಕೌಂಟರಿನಲ್ಲಿ ಪಹಣಿ ಕೈಗೆ ಬಂತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಹೋಗಲು ತಂತ್ರಾಂಶ ಬಿಡುವುದಿಲ್ಲ. ಯಾವ ನೌಕರ ಯಾವ ದಾಖಲೆ ಮುಟ್ಟಿದ ಎಂಬುದಕ್ಕೆ ಬೆರಳಚ್ಚಿನ ಗುರುತು ಉಳಿಯುತ್ತದೆ. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಈ ಬದಲಾವಣೆಯಲ್ಲಿ ನೌಕರನ ಒಂದು ಬಗೆಯ ಸ್ವಾತಂತ್ರ್ಯವನ್ನು ಕಿತ್ತುಕೊಂಡದ್ದು ನಿಜ, ಕಿತ್ತುಕೊಂಡದ್ದು ಸರಿಯೂ ಹೌದು. ರೈತನ ಹಕ್ಕನ್ನು ತಡೆಹಿಡಿಯುವ ಸ್ವಾತಂತ್ರ್ಯ ಯಾರಿಗೂ ಇರಕೂಡದು.

ತಪ್ಪಿದ್ದು ಆಮೇಲೆ. ಹಕ್ಕಿನ ಮೇಲಿನ ಹಿಡಿತವನ್ನು ತೆಗೆದ ಹುರುಪಿನಲ್ಲಿ ಹೊತ್ತಿನ ಮೇಲಿನ ಹಿಡಿತವನ್ನೂ ತೆಗೆಯುತ್ತ ಹೋದರು. ಇಂದು ಗ್ರಾಮ ಆಡಳಿತಾಧಿಕಾರಿ ಎಂದು ಕರೆಸಿಕೊಳ್ಳುವ ಅದೇ ಹುದ್ದೆಯವರ ಮೊಬೈಲಿನಲ್ಲಿ ಬೆಳೆ ಸಮೀಕ್ಷೆಗೊಂದು, ಬಗರ್‌ಹುಕುಂಗೊಂದು, ಸರ್ಕಾರಿ ಜಮೀನಿನ ಗಸ್ತಿಗೊಂದು, ಚುನಾವಣೆಗೊಂದು ಎಂದು ಆ್ಯಪ್‌ಗಳು ತುಂಬಿವೆ. ಪ್ರತಿಯೊಂದಕ್ಕೂ ಬೇರೆ ಗಡುವು, ಪ್ರತಿಯೊಂದಕ್ಕೂ ಬೇರೆ ಮೇಲಧಿಕಾರಿಯ ವಾಟ್ಸ್‌ಆ್ಯಪ್ ಗುಂಪು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದಾಗ ಅವರ ಮುಖ್ಯ ದೂರುಗಳಲ್ಲಿ ಇದೇ ಒಂದು: ಕೆಲಸದ ಆ್ಯಪ್‌ಗಳು ಬೆಳೆದವು, ಅವನ್ನು ನಡೆಸಲು ಬೇಕಾದ ಸಲಕರಣೆ ಬರಲಿಲ್ಲ. ಗದ್ದೆಯ ಬದುವಿನ ಮೇಲೆ ನಿಂತು ವಾರಸುದಾರರ ತಕರಾರು ಕೇಳಬೇಕಾದ ಹೊತ್ತಿನಲ್ಲಿ ಸಿಗ್ನಲ್ ಹುಡುಕುತ್ತ ಫೋಟೊ ಏರಿಸುವುದು ಅವರ ದಿನಚರಿಯಾಗಿದೆ. ತಕರಾರು ಕೇಳುವ ಕೆಲಸಕ್ಕೆ ಆ್ಯಪ್ ಇಲ್ಲ. ಆದ್ದರಿಂದ ಅದು ಯಾವ ಪಟ್ಟಿಯಲ್ಲೂ ಎಣಿಕೆಗೆ ಬರುವುದಿಲ್ಲ, ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಪೌತಿ ಖಾತೆಗೆಂದು ಅಜ್ಜನ ಮರಣ ಪ್ರಮಾಣಪತ್ರ ಹಿಡಿದು ನಾಡಕಚೇರಿಗೆ ಬಂದವರು ಮತ್ತೆ ಕಾಯುತ್ತಾರೆ.

ಸಡಿಲ ವೇಳೆ ಎಂಬ ಮಾತು ಅತ್ಯಂತ ಕ್ರೂರವಾಗಿ ಬಳಕೆಯಾಗಿರುವುದು ಹೆಣ್ಣುಮಕ್ಕಳ ಕೆಲಸದಲ್ಲಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮಳವಳ್ಳಿಯ ನೆರೆಯ ತಿರುಮಕೂಡಲು ನರಸೀಪುರವನ್ನು. ಅಂಗನವಾಡಿ ಕಾರ್ಯಕರ್ತೆಗೆ ಅಂದು ಕೊಟ್ಟದ್ದು ಸಂಬಳವಲ್ಲ, ಗೌರವಧನ. ಊರಿನ ಹೆಂಗಸು ಮನೆಗೆಲಸದ ನಡುವೆ ಬಿಡುವಿನಲ್ಲಿ ಮಾಡುವ ಸೇವೆ ಇದು ಎಂಬುದು ಅದರ ಹಿಂದಿನ ಎಣಿಕೆ. 2006ರಲ್ಲಿ ಅಮೀರ್‌ಬಿ ಪ್ರಕರಣದಲ್ಲಿ, ಅದೂ ಕರ್ನಾಟಕದಿಂದಲೇ ಹೋದ ಪ್ರಕರಣ, ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆ ಹೊಂದಿದವರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಇವರದು ಅರೆಕಾಲಿಕ ಕೆಲಸವೆಂಬ ವಾದವನ್ನು ಒಪ್ಪದೆ, ಗ್ರಾಚ್ಯುಟಿಗೆ ಅರ್ಹರು ಎಂದಿತು. ನಡುವೆ ಸಂದ ವರ್ಷಗಳಲ್ಲಿ ಎಷ್ಟು ಮಂದಿ ಕೈಬೀಸಿಕೊಂಡು ಮನೆಗೆ ಹೋದರೋ!

ಕಾರ್ಯಕರ್ತೆಗೆ ಊರಿನ ದಿನಚರಿ ಗೊತ್ತು. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂದಿತ್ತು. ಆಶಯ ದೊಡ್ಡದು, ಮನೆಗೆ ಕೊಟ್ಟ ಆಹಾರ ಮನೆಮಂದಿಗೆಲ್ಲ ಹಂಚಿಹೋಗುತ್ತದೆ ಎಂಬ ಕಳವಳ ಸುಳ್ಳಲ್ಲ. ಆದರೆ ನಾಟಿಯ ದಿನಗಳಲ್ಲಿ ಮೂರು ತಿಂಗಳ ಬಸುರಿ ಕೂಲಿಗೆ ಹೋಗಿರುತ್ತಾಳೆ, ಎರಡು ಮೈಲಿ ನಡೆದು ಊಟಕ್ಕೆ ಬಂದು ಮತ್ತೆ ಗದ್ದೆಗಿಳಿಯಲಾರಳು. ಹಸಿ ಬಾಣಂತಿಯನ್ನು ಮನೆಯಿಂದ ಹೊರಗೆ ಕಳಿಸುವ ರೂಢಿ ನಮ್ಮ ಊರುಗಳಲ್ಲಿಲ್ಲ. ಯಾರಿಗೆ ಬುತ್ತಿ ಕಟ್ಟಿಕೊಡಬೇಕು, ಯಾರನ್ನು ಕೂರಿಸಿ ಉಣಿಸಬೇಕು ಎಂಬುದನ್ನು ಕಾರ್ಯಕರ್ತೆ ಮನೆಮನೆ ಲೆಕ್ಕದಲ್ಲಿ ಹೇಳಬಲ್ಲಳು. ಅಷ್ಟು ತೀರ್ಮಾನ ಅವಳಿಗೆ ಸಿಕ್ಕಿದ್ದರೆ ಯೋಜನೆ ಹೆಚ್ಚು ಹೊಟ್ಟೆಗಳನ್ನು ಮುಟ್ಟುತ್ತಿತ್ತು.

ಆಶಾ ಕಾರ್ಯಕರ್ತೆಯ ಸ್ಥಿತಿ ಇನ್ನೂ ಸೂಕ್ಷ್ಮ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಈ ವ್ಯವಸ್ಥೆಯಲ್ಲಿ ಸಾವಿರ ಜನಸಂಖ್ಯೆಗೆ ಒಬ್ಬಳಂತೆ ಆಶಾ ಇರುತ್ತಾಳೆ. ಗೌರವಧನದ ಜೊತೆ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಅವಳು ಮಾಡಿದ ಕೆಲಸವನ್ನು ಪೋರ್ಟಲ್‌ಗೆ ಏರಿಸುವವರು ಬೇರೆಯವರು. ಅಲ್ಲಿ ಏರದಿದ್ದರೆ ಇಲ್ಲಿ ದುಡ್ಡಿಲ್ಲ. 2025ರ ಜನವರಿಯ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕೂತದ್ದು ತಿಂಗಳಿಗೆ 15,000 ರೂಪಾಯಿಯ ನಿಶ್ಚಿತ ಗೌರವಧನಕ್ಕಾಗಿ, ಪೋರ್ಟಲಿನ ಈ ತೊಡಕು ಬಿಡಿಸುವುದಕ್ಕಾಗಿ. ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕ ಮೇಲೆ ಎದ್ದರು. ತುಂಡು ಕೂಲಿಯ ಲೆಕ್ಕ ಇಂಥ ಕೆಲಸಕ್ಕೆ ಒಗ್ಗುವುದಿಲ್ಲ. 2023ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ನಾಡೇ ಬೆಚ್ಚಿತು. ತಾಯಿ ಕಾರ್ಡು ಮಾಡಿಸಿಕೊಂಡವಳು ನಾಲ್ಕನೆಯ ತಿಂಗಳಲ್ಲಿ ನೆಂಟರ ಮನೆಗೆಂದು ಹೋಗಿ ಬಾಡಿದ ಮುಖದಲ್ಲಿ ಮರಳಿದರೆ, ಅದನ್ನು ಮೊದಲು ಗಮನಿಸಬಲ್ಲವಳು ಬೀದಿಯ ಆಶಾ. ಅವಳು ಬಾಯಿ ಬಿಟ್ಟರೆ ಅದೇ ಊರಿನಲ್ಲಿ ಬದುಕಬೇಕು. ಸೇವೆಯ ಭದ್ರತೆ, ಹೇಳಿದ ಮಾತಿಗೆ ಇಲಾಖೆಯ ಬೆಂಬಲ, ಗುಟ್ಟು ಕಾಯುವ ವ್ಯವಸ್ಥೆ ಇಲ್ಲದೆ ಇದನ್ನು ಅವಳಿಂದ ಬಯಸುವುದು ತರವಲ್ಲ. ಬೆಂಬಲವಿದ್ದರೆ ಜಿಲ್ಲೆಯ ಹೆಣ್ಣುಕೂಸುಗಳಿಗೆ ಅವಳಿಗಿಂತ ದೊಡ್ಡ ಕಾವಲಿಲ್ಲ.

ಸಾರಿಗೆಯ ಮಾತು ಚಿಕ್ಕದು. 1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯಾಗಿ ಹುಟ್ಟಿದ ಸಂಸ್ಥೆ ಇಂದಿನ ಕೆಎಸ್‌ಆರ್‌ಟಿಸಿ. ಮದ್ದೂರು, ಮಳವಳ್ಳಿ ಎರಡರಲ್ಲೂ ಡಿಪೊ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಹಳ್ಳಿಯಲ್ಲಿ ಬಸ್ಸಿನೊಳಗೋ ದೇವಸ್ಥಾನದ ಜಗುಲಿಯ ಮೇಲೋ ಮಲಗುವ ನೈಟ್‌ಹಾಲ್ಟ್ ಚಾಲಕನ ರಾತ್ರಿಯನ್ನು ವಿಶ್ರಾಂತಿ ಎನ್ನಬೇಕೋ ಕೆಲಸ ಎನ್ನಬೇಕೋ ಎಂಬುದು ಅವನ ಬೆನ್ನಿಗೆ ಗೊತ್ತು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಬೆಳಗಿನ ಕಾಲೇಜು ಹೊತ್ತಿನ ಬಸ್ಸುಗಳು ಬಾಗಿಲಿನವರೆಗೂ ತುಂಬುತ್ತವೆ. ಯಾವ ಟ್ರಿಪ್ಪನ್ನು ಹದಿನೈದು ನಿಮಿಷ ಹಿಂದೂಡಿದರೆ ಯಾವ ಊರಿನ ಮಕ್ಕಳಿಗೆ ಅನುಕೂಲ ಎಂಬುದನ್ನು ನಿರ್ವಾಹಕ ಡಿಪೊಗೆ ಹೇಳಬಲ್ಲ. ವೇಳಾಪಟ್ಟಿ ಬರೆಯುವ ಮೇಜಿನ ಬಳಿ ಅವನಿಗೊಂದು ಕುರ್ಚಿ ಬೇಕು.

ಇನ್ನು ಕಚೇರಿಯ ಒಳಗಿನ ನೌಕರರು. ಇವರ ಹೊತ್ತಿನ ವಿಚಾರದಲ್ಲಿ ಸರ್ಕಾರ ಕೆಲವು ಹೆಜ್ಜೆ ಇಟ್ಟಿದೆ. 2019ರಲ್ಲಿ ನಾಲ್ಕನೆಯ ಶನಿವಾರದ ರಜೆ ಕೊಟ್ಟಿತು, ಅದಕ್ಕೆ ಬದಲಾಗಿ ಸಾಂದರ್ಭಿಕ ರಜೆಯನ್ನು 15ರಿಂದ 10 ದಿನಕ್ಕೆ ಇಳಿಸಿತು. 2021ರಲ್ಲಿ ಮಹಿಳಾ ನೌಕರರಿಗೆ ಶಿಶುಪಾಲನೆಗೆಂದು 180 ದಿನಗಳ ರಜೆ ಬಂತು. 2025ರ ಅಕ್ಟೋಬರಿನಲ್ಲಿ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಇವೆಲ್ಲ ಸಲ್ಲಬೇಕಾದದ್ದೇ. ಆದರೆ ರಜೆ ಬೇರೆ, ಹೊತ್ತಿನ ಹೊಂದಾಣಿಕೆ ಬೇರೆ. ಕರ್ನಾಟಕದ ತಾಲ್ಲೂಕು ಕಚೇರಿಯಲ್ಲಿ ಖಾಲಿ ಹುದ್ದೆಗಳ ನಡುವೆ ಒಬ್ಬರು ರಜೆ ಹಾಕಿದರೆ ಆ ಮೇಜಿನ ಕೆಲಸ ಪಕ್ಕದ ಮೇಜಿಗೆ ಜಾರುತ್ತದೆ, ಅದಕ್ಕೆ ಅಂಜಿ ಎಷ್ಟೋ ಹೆಣ್ಣುಮಕ್ಕಳು ಇರುವ ರಜೆಯನ್ನೂ ಕೇಳುವುದಿಲ್ಲ.

ಹೊಂದಾಣಿಕೆ ಗುಟ್ಟಾಗಿ ನಡೆಯುವ ಬಗೆ ರೈಲು ನಿಲ್ದಾಣದಲ್ಲಿ ಕಾಣುತ್ತದೆ. ನೌಕರರು ಕೇಂದ್ರಸ್ಥಾನದಲ್ಲೇ ವಾಸಿಸಬೇಕೆಂಬ ಸುತ್ತೋಲೆಗಳು ಮತ್ತೆ ಮತ್ತೆ ಬರುತ್ತವೆ. ಮಂಡ್ಯ, ಮದ್ದೂರಿನ ಕಚೇರಿ, ಶಾಲೆ, ಆಸ್ಪತ್ರೆಗಳ ಎಷ್ಟೋ ಮಂದಿ ಮೈಸೂರು, ಬೆಂಗಳೂರಿನಿಂದ ದಿನವೂ ಓಡಾಡುತ್ತಾರೆ. ಮಕ್ಕಳ ಓದು, ಸಂಗಾತಿಯ ಕೆಲಸ, ಮುಪ್ಪಿನ ತಂದೆತಾಯಿ ಎಂಬ ಕಾರಣಗಳು ಅವರಿಗಿವೆ. ರೈಲು ತಡವಾದ ದಿನ ಕೌಂಟರೂ ತಡವಾಗಿ ತೆರೆಯುತ್ತದೆ, ಸಂಜೆಯ ರೈಲಿಗಾಗಿ ಐದಕ್ಕೇ ಕಡತ ಮುಚ್ಚುತ್ತದೆ. ರೈಲಿಲ್ಲದ ಮಳವಳ್ಳಿಯಲ್ಲಿ ಬಸ್ಸಿನ ಲೆಕ್ಕ. ನಿಯಮ ಕಟ್ಟುನಿಟ್ಟಾಗಿದ್ದು ರೂಢಿ ಸಡಿಲವಾಗಿರುವ ಈ ಸ್ಥಿತಿಯಲ್ಲಿ ಅಲೆಯುವವರು, ಕೂಲಿ ಬಿಟ್ಟು ಬೆಳಿಗ್ಗೆ ಹತ್ತಕ್ಕೇ ಬಂದು ಮೆಟ್ಟಿಲ ಮೇಲೆ ಕೂತ ಹಳ್ಳಿಯವರು. ಇದನ್ನು ಬಹಿರಂಗವಾಗಿ ಒಪ್ಪಿ ಸರಿಪಡಿಸುವುದು ಪ್ರಾಮಾಣಿಕವಾದ ದಾರಿ. ಒಬ್ಬರು ಎಂಟಕ್ಕೆ, ಇನ್ನೊಬ್ಬರು ಹನ್ನೊಂದಕ್ಕೆ ಬರುವಂತೆ ನೌಕರರೇ ಸರದಿ ಹಾಕಿಕೊಂಡರೆ ಕೌಂಟರು ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆಯವರೆಗೆ ತೆರೆದಿರುತ್ತದೆ. ಗದ್ದೆಗೆ ಹೋಗುವ ಮುಂಚೆಯೋ ಬಂದ ಮೇಲೋ ರೈತ ತನ್ನ ಕೆಲಸ ಮುಗಿಸಿಕೊಳ್ಳುತ್ತಾನೆ. ಊರಿನ ಡೇರಿಗಳು ಬೆಳಿಗ್ಗೆ, ಸಂಜೆ ಎರಡು ಹೊತ್ತು ತೆರೆದು ನಡುಹಗಲು ಮುಚ್ಚುತ್ತ ಬಂದಿವೆ, ಗೆಜ್ಜಲಗೆರೆಯಲ್ಲಿರುವ ಹಾಲು ಒಕ್ಕೂಟ ಮನ್‌ಮುಲ್‌ಗೆ ಹಾಲು ಹೋಗುವುದು ಆ ಲೆಕ್ಕದ ಮೇಲೆಯೇ. ಹಸು ಕರೆಯುವ ಹೊತ್ತಿಗೆ ಡೇರಿ ಹೊಂದಿಕೊಂಡಿದೆ. ರೈತನ ದಿನಕ್ಕೆ ನಾಡಕಚೇರಿಯೂ ಹೊಂದಿಕೊಳ್ಳಲು ಸಾಧ್ಯ.

ಕೆಲಸವನ್ನು ಅಳೆಯುವ ಬಗೆ ಬದಲಾಗದೆ ಇದು ನಡೆಯದು. 2012ರ ಏಪ್ರಿಲ್ 2ರಂದು ಜಾರಿಗೆ ಬಂದ ಸಕಾಲ ಕಾರ್ಯಕ್ರಮ ಈ ದಿಕ್ಕಿನಲ್ಲಿ ಇಟ್ಟ ದೊಡ್ಡ ಹೆಜ್ಜೆ. ನೌಕರ ಎಷ್ಟು ಗಂಟೆ ಕೂತ ಎಂಬುದರ ಜಾಗಕ್ಕೆ ಅರ್ಜಿ ಎಷ್ಟು ದಿನದಲ್ಲಿ ಮುಗಿಯಿತು ಎಂಬುದು ಬಂತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಪರಿಹಾರ, ಅದೂ ತಪ್ಪಿತಸ್ಥ ಅಧಿಕಾರಿಯ ಕೈಯಿಂದ. ಹಕ್ಕನ್ನು ಗಟ್ಟಿ ಮಾಡಿ ಹೊತ್ತನ್ನು ನೌಕರನಿಗೆ ಬಿಡುವ ಬೀಜ ಇದರಲ್ಲಿತ್ತು. ಅದು ಪೂರ್ತಿ ಮೊಳೆಯದಿರಲು ಎರಡು ಕಾರಣ. ವಿಲೇವಾರಿ ಎಂದರೆ ತಿರಸ್ಕಾರವೂ ಸೇರಿತು. ಗಡುವು ಹತ್ತಿರ ಬಂದಾಗ ಒಂದು ದಾಖಲೆ ಕಡಿಮೆಯೆಂದು ಅರ್ಜಿ ವಾಪಸ್ ಕಳಿಸಿದರೂ ಲೆಕ್ಕ ಚುಕ್ತಾ. ಎರಡನೆಯದು, ಗಡುವಿನ ಜೊತೆಗೆ ತೀರ್ಮಾನದ ಅಧಿಕಾರ ಕೆಳಗಿಳಿಯಲಿಲ್ಲ. ಕಡತ ಹಿಂದಿನ ಹಾಗೆಯೇ ಮೇಜಿಂದ ಮೇಜಿಗೆ ಸಾಗುತ್ತದೆ, ದಿನಗಳು ಮಾತ್ರ ಎಣಿಕೆಯಾಗುತ್ತವೆ. ಇದರ ಮೇಲೆ ಬೆರಳಚ್ಚಿನ ಹಾಜರಿ ಬಂದು ಗಂಟೆಯ ಲೆಕ್ಕವೂ ಮರಳಿ ಕೂತಿತು. ಗಡುವೂ ಇದೆ, ಗಂಟೆಯೂ ಇದೆ, ಅಧಿಕಾರ ಇಲ್ಲ. ಕರಾಸೆಕ್ ವಿವರಿಸಿದ ಸ್ಥಿತಿ ಇದೇ.

ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಇದನ್ನು ಬದಲಿಸಲು ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ. ಸಕಾಲದ ಲೆಕ್ಕದಲ್ಲಿ ತಿರಸ್ಕಾರವನ್ನು ವಿಲೇವಾರಿಯಿಂದ ಬೇರ್ಪಡಿಸಿ ತೋರಿಸುವುದು ಆಡಳಿತದ ಒಂದು ಆದೇಶದ ಕೆಲಸ. ಗ್ರಾಮ ಆಡಳಿತಾಧಿಕಾರಿಗೆ ವಾರದಲ್ಲಿ ಎರಡು ದಿನ ಆ್ಯಪ್ ಮುಟ್ಟದೆ ಊರು ಸುತ್ತಿ ತಕರಾರು ಕೇಳುವ ದಿನಗಳೆಂದು ಗೊತ್ತುಮಾಡಿ, ಯಾವ ದಿನ ಯಾವ ಊರೆಂಬುದನ್ನು ಅವರೇ ಮುಂಚಿತವಾಗಿ ಚಾವಡಿಯಲ್ಲಿ ಬರೆದು ಹಾಕಬಹುದು. ಆಶಾ ಮಾಡಿದ ಕೆಲಸವನ್ನು ಅವಳೆದುರೇ ಪೋರ್ಟಲ್‌ಗೆ ಏರಿಸಿ ಅವಳ ಸಹಿ ಪಡೆಯಬಹುದು. ನಾಲೆಯ ಕೊನೆ ತೂಬಿನ ಬಳಿ ಒಂದು ಕರಿಹಲಗೆ ನಿಲ್ಲಿಸಿ, ಕಟ್ಟಿನ ಪ್ರತಿದಿನವೂ ಗೇಜಿನಲ್ಲಿ ಕಂಡ ಅಂಕಿಯನ್ನೂ ನೀರು ಬಂದ ಗಂಟೆಯನ್ನೂ ನೀರುಗಂಟಿ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುವಂತಾದರೆ, ಆ ಕವಲಿನ ಪಾಲು ಎಷ್ಟಿತ್ತು, ಬಂದದ್ದೆಷ್ಟು, ನಡುವೆ ಹೋದದ್ದೆಲ್ಲಿಗೆ ಎಂಬುದನ್ನು ಅವನೂ ರೈತರೂ ಇಂಜಿನಿಯರೂ ಒಂದೇ ಹಲಗೆಯ ಮುಂದೆ ನಿಂತು ಮಾತನಾಡಬಹುದು.